ಹೆದರದ ಮೀನುಗಳ ಕೆರೆ

ಈಗ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ಶುರುವಿನಲ್ಲೇ ಹೇಳಿಕೊಡುತ್ತಾರೆ: ಬಲೆ ನೀರಿಗೆ ಬಿದ್ದ ಕ್ಷಣದಿಂದಲೇ ಮೀನಿನ ರಕ್ತ ಬದಲಾಗತೊಡಗುತ್ತದೆ, ಆದ್ದರಿಂದ ಕೈ ಚುರುಕಾಗಿರಲಿ. ನಮಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಬೇಕಾದವರೂ ನಮ್ಮ ಜೊತೆಯಲ್ಲೇ ಕಲಿಯುತ್ತಿದ್ದರು. ಆ ಕಲಿಕೆಯಲ್ಲಿ ನನ್ನ ನಿದ್ದೆ ಎಷ್ಟು ಹಾಳಾಯಿತೆಂದು ಈಗ ನೆನೆದರೆ, ಮೀನಿನ ರಕ್ತ ತೆಗೆಯುವ ಬದಲು ನನ್ನದನ್ನೇ ತೆಗೆದು ಅಳೆದಿದ್ದರೂ ಸಾಕಿತ್ತೇನೋ ಅನಿಸುತ್ತದೆ.

ನಾನು ಆವತಿಯ ರೈತ ಮನೆತನದವಳು. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಅರವತ್ತರ ದಶಕದ ನಡುವೆ ಒಂದು ಮೀನು ಸಂಶೋಧನಾ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದೆ. ಹೊಸಕೋಟೆಯಿಂದ ನಂದಗುಡಿ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಕೆರೆಯ ಏರಿಯ ಕೆಳಗೆ, ಹಂಚು ಹೊದಿಸಿದ ಎರಡು ಕೋಣೆ, ಕೆಲವು ಸಿಮೆಂಟು ತೊಟ್ಟಿ, ಸಾಲಾಗಿ ಮಣ್ಣಿನ ಕೊಳಗಳು. ಕೇಂದ್ರವೆಂದರೆ ಅಷ್ಟೆ. ನನ್ನದು ಹಂಗಾಮಿ ಕೆಲಸ. ಪ್ರತಿವರ್ಷ ಮುಖ್ಯಸ್ಥರು ಮುಂದುವರಿಸಿ ಎಂದು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೆಲಸ ಏನೆಂದು ಅವ್ವನಿಗೆ ಹೇಳಿದ ದಿನ ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಅಲ್ಲ ಕಣೇ ಸರೋಜಿ, ಅಷ್ಟೊಂದು ಓದಿ ಮೀನಿಗೆ ಸೂಜಿ ಚುಚ್ಚಕ್ಕೆ ಹೋಯ್ತೀಯಾ? ಅವಕ್ಕೇನು ಜ್ವರ ಬರ್ತದಾ?" ಎಂದಳು. ನಾನು ನಕ್ಕೆ. ಆದರೆ ಮೀನಿಗೆ ಸೂಜಿ ಚುಚ್ಚುವುದೇ ಆಗ ನಮ್ಮ ವಿಜ್ಞಾನದ ದೊಡ್ಡ ಸುದ್ದಿಯಾಗಿತ್ತು.

ಕಾಟ್ಲಾ, ರೋಹು ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹರಿವ ಹೊಳೆಯೂ ಮಳೆಯ ಹೊಸನೀರೂ ಬೇಕು. ಕೆರೆಯಲ್ಲಿರುವ ಮೀನಿಗೆ ಆ ಹೊಳೆಯ ಭ್ರಮೆಯನ್ನು ಸೂಜಿಯ ಮೂಲಕ ಕೊಡುವುದು ನಮ್ಮ ಕೆಲಸ. ಇನ್ನೊಂದು ಮೀನಿನ ತಲೆಬುರುಡೆ ತೆರೆದು, ಮಿದುಳಿನ ಅಡಿಯಲ್ಲಿ ರಾಗಿಕಾಳಿನಷ್ಟಿರುವ ಪಿಟ್ಯೂಟರಿ ಗ್ರಂಥಿಯನ್ನು ಬಿಡಿಸಿ, ಆಲ್ಕೋಹಾಲಿನಲ್ಲಿ ಇಟ್ಟು, ಬೇಕಾದಾಗ ಅರೆದು ಹೆಣ್ಣುಮೀನಿನ ಬಾಲದ ಬಳಿ ಚುಚ್ಚುವುದು. ಆ ಗ್ರಂಥಿಯ ಹಾರ್ಮೋನು ಕೆಲಸ ಮಾಡಿದರೆ ಬೆಳಗಾಗುವಷ್ಟರಲ್ಲಿ ಬಟ್ಟೆಯ ಪಂಜರದ ತುಂಬ ಮುತ್ತಿನಂಥ ಮೊಟ್ಟೆಗಳು. ಅಂಥ ಪಂಜರವನ್ನು ನಾವು ಹಾಪಾ ಎನ್ನುತ್ತಿದ್ದೆವು. ಮಳೆಗಾಲದ ಕೆಲವೇ ವಾರಗಳಲ್ಲಿ ಇದೆಲ್ಲ ಆಗಬೇಕು. ತಪ್ಪಿದರೆ ಮರಿಗಾಗಿ ಕಾದಿರುವ ಅಷ್ಟೂ ಕೆರೆಗಳಿಗೆ ಆ ವರ್ಷ ಮರಿಯಿಲ್ಲ. ಜೂನ್ ಬಂತೆಂದರೆ ನಾನು ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಿದ್ದೆ.

ನಮ್ಮ ಮುಖ್ಯಸ್ಥರು ಸುಬ್ಬರಾಯರು. ದೊಡ್ಡ ಗಂಟಲು, ಸಣ್ಣ ಆಳು. ಅವರಿಗೆ ಬೈಯಲು ಕಾರಣ ಬೇಕಿರಲಿಲ್ಲ, ಆದರೆ ಓದು ಬೇಕಿತ್ತು. ವಿದೇಶದ ಪತ್ರಿಕೆಗಳನ್ನು ಬೆಂಗಳೂರಿನಿಂದ ಎರವಲು ತಂದು ಊಟದ ಹೊತ್ತಿನಲ್ಲೂ ಓದುತ್ತಿದ್ದರು. ಕೊಳಗಳ ಉಸ್ತುವಾರಿ, ಬಲೆಯ ಕೆಲಸ ಮುನಿರಾಜುವಿನದು. ನನಗಿಂತ ಸ್ವಲ್ಪ ದೊಡ್ಡವನು, ಮಾತು ಜಾಸ್ತಿ. ಹೆಚ್ಚುಕಮ್ಮಿ ನಾವು ಮೂವರೇ.

ಒಂದು ಮಳೆಗಾಲದಲ್ಲಿ ಮೇಲಧಿಕಾರಿಯೊಬ್ಬರು ಪ್ರಾತ್ಯಕ್ಷಿಕೆ ನೋಡಲು ಬಂದರು. ನಮ್ಮಲ್ಲಿದ್ದ ಅತಿ ಒಳ್ಳೆಯ ಹೆಣ್ಣು ಕಾಟ್ಲಾಕ್ಕೆ ಆಗಷ್ಟೇ ಸೂಜಿ ಹಾಕಿ ಹಾಪಾಕ್ಕೆ ಬಿಟ್ಟಿದ್ದೆವು. ಅಧಿಕಾರಿಗೆ ಫೋಟೋ ಬೇಕಾಯಿತು. ಮೀನನ್ನು ಮೇಲೆತ್ತಿದರು. ಬಿಸಿಲು ಸರಿಯಿಲ್ಲವೆಂದು ಮತ್ತೆ ಎತ್ತಿದರು. ಜೊತೆಯಲ್ಲಿ ಬಂದವರೂ ಒಬ್ಬೊಬ್ಬರಾಗಿ ಹಿಡಿದು ನಿಂತರು. ನಾನು ಸುಬ್ಬರಾಯರ ಮುಖ ನೋಡಿದೆ, ಅವರು ಬೇರೆ ಕಡೆ ನೋಡಿದರು. ಮಾರನೆಯ ಬೆಳಿಗ್ಗೆ ಹಾಪಾದಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಹೊಟ್ಟೆ ಬಿಗಿದುಕೊಂಡು ಮೂರನೆಯ ದಿನ ಕಾಟ್ಲಾ ಸತ್ತಿತು.

"ಗ್ರಂಥಿ ಕೆಟ್ಟಿತ್ತು" ಎಂದು ಸುಬ್ಬರಾಯರು ಮೊದಲು ಕೂಗಾಡಿದರು. ಅದೇ ಗ್ರಂಥಿ ಹಾಕಿದ ರೋಹುಗಳು ಪಕ್ಕದ ಹಾಪಾದಲ್ಲಿ ಮೊಟ್ಟೆಯಿಟ್ಟಿದ್ದವು. ಮಧ್ಯಾಹ್ನ ನನ್ನನ್ನು ಕರೆದರು. ದನಿ ಇಳಿದಿತ್ತು.

"ಸರೋಜಾ, ಅದು ಹೆದರಿಬಿಟ್ಟಿದೆ ಕಣಮ್ಮ. ಹೆದರಿದ ಮೀನು ಮೊಟ್ಟೆಯಿಡೋದಿಲ್ಲ. ಎಷ್ಟು ಹೆದರಿದೆ ಅನ್ನೋದನ್ನ ನಾವು ಅಳೀಬೇಕು."

ನಮ್ಮ ಕೇಂದ್ರದ ಕೆಲಸ ಹೊರಳಿದ್ದು ಆ ಮಾತಿನಿಂದ. ಗಾಬರಿಯಾದಾಗ ಮನುಷ್ಯರ ರಕ್ತದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಮೀನಿನಲ್ಲೂ ಇದೆ. ಅಪಾಯ ಕಂಡಾಗ ಅದು ಮೈಯ ಶಕ್ತಿಯನ್ನೆಲ್ಲ ಓಡುವುದಕ್ಕೂ ಒದ್ದಾಡುವುದಕ್ಕೂ ತಿರುಗಿಸುತ್ತದೆ. ಬೆಳೆಯುವುದು, ಮೊಟ್ಟೆಯಿಡುವುದು ಎಲ್ಲ ಆಮೇಲಿನ ಮಾತು. ಅದನ್ನು ಅಳೆಯುವ ಯಂತ್ರ ಬೆಂಗಳೂರಿನ ಒಂದು ವೈದ್ಯಕೀಯ ಪ್ರಯೋಗಾಲಯದಲ್ಲಿತ್ತು. ರಕ್ತದಿಂದ ಬೇರ್ಪಡಿಸಿದ ತಿಳಿಯನ್ನು ಆಮ್ಲದೊಂದಿಗೆ ಬೆರೆಸಿ ಇಟ್ಟರೆ ಅದು ಹೊಳೆಯುತ್ತಿತ್ತು; ಹಾರ್ಮೋನು ಹೆಚ್ಚಿದ್ದಷ್ಟೂ ಹೊಳಪು ಹೆಚ್ಚಿ ಯಂತ್ರದ ಮುಳ್ಳು ಮೇಲೇರುತ್ತಿತ್ತು.

ಹೇಳಲು ಇಷ್ಟೇ. ಮಾಡಲು ಹೋದರೆ ಎಲ್ಲವೂ ಕೆಡುತ್ತಿತ್ತು. ರಕ್ತ ಸಿರಿಂಜಿನಲ್ಲೇ ಹೆಪ್ಪುಗಟ್ಟುತ್ತಿತ್ತು. ಮಂಜುಗಡ್ಡೆ ತುಂಬಿದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ, ರಸ್ತೆಯ ಕುಲುಕಾಟಕ್ಕೆ ರಕ್ತಕಣಗಳು ಒಡೆದು ತಿಳಿಯೆಲ್ಲ ಕೆಂಪಾಗುತ್ತಿತ್ತು. ಕೆಂಪಾದರೆ ಬಿಸಾಡಬೇಕು. ಒಮ್ಮೆ ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಏನವ್ವ ಅದು, ಕಾಫಿನಾ?" ಎಂದಳು. ಮೀನಿನ ರಕ್ತ ಎಂದೆ. ಅಜ್ಜಿ ಎದ್ದು ಬೇರೆ ಸೀಟಿಗೆ ಹೋದಳು. ನನಗೆ ಕಾಲು ನೀಡಲು ಜಾಗ ಸಿಕ್ಕಿತು.

ಬೆಂಗಳೂರಿಗೆ ಹೋಗುವ ಮೊದಲೇ ಕೇಂದ್ರದಲ್ಲಿ ರಕ್ತವನ್ನು ತಿರುಗಿಸಿ ತಿಳಿ ಬೇರ್ಪಡಿಸಲು ಕೈಯಿಂದ ತಿರುಗಿಸುವ ಒಂದು ಯಂತ್ರ ತಂದ ಮೇಲೆ ಕೆಲಸ ಹಿಡಿತಕ್ಕೆ ಬಂತು. ಎಪ್ಪತ್ತರ ದಶಕ ಶುರುವಾಗುವಾಗ ಇಂಥದ್ದನ್ನು ಅಳೆಯಬಲ್ಲವರು ನಾವು ಎಂದು ಸ್ವಲ್ಪ ಹೆಸರಾಗಿತ್ತು. ಆ ಹೆಸರೇ ನಮ್ಮನ್ನು ದೊಡ್ಡಬಳ್ಳಾಪುರದ ತಂಟೆಗೆ ಎಳೆದದ್ದು.

ದೊಡ್ಡಬಳ್ಳಾಪುರದಲ್ಲಿ ಮನೆಮನೆಯಲ್ಲಿ ಮಗ್ಗ. ರಾಜಘಟ್ಟದ ಕಡೆಗೆ ಹೋಗುವ ದಾರಿಯ ಒಂದು ಕೆರೆಯ ಮೇಲ್ಭಾಗದಲ್ಲಿ ನೂಲಿಗೆ ಬಣ್ಣ ಹಾಕುವ ಕೆಲವು ಮನೆಗಳಿದ್ದವು. ಕೊಪ್ಪರಿಗೆಯಲ್ಲಿ ಕುದಿಸಿ ಉಳಿದ ನೀರು ಕಾಲುವೆ ಹಿಡಿದು ಕೆರೆಗೆ ಇಳಿಯುತ್ತಿತ್ತು. ಕೆರೆಯಲ್ಲಿ ಆಗೊಂದು ಈಗೊಂದು ಮೀನು ಸತ್ತು ತೇಲತೊಡಗಿತು. ಮೀನು ಹಿಡಿಯುವವರು ಬಣ್ಣದ ಮನೆಗಳನ್ನು ಮುಚ್ಚಿಸಿ ಎಂದು ಅರ್ಜಿ ಕೊಟ್ಟರು. ಬಣ್ಣದವರು ನಮ್ಮ ನೀರಿನಿಂದ ಏನೂ ಆಗಿಲ್ಲ ಎಂದರು. ಏರಿಯ ಮೇಲೆ ಒಂದೆರಡು ಸಲ ಕೈಕೈ ಮಿಲಾಯಿಸಿದ್ದೂ ಆಯಿತು. ತಹಸೀಲ್ದಾರರು ನಮ್ಮ ಕೇಂದ್ರದ ಅಭಿಪ್ರಾಯ ಕೇಳಿದರು.

ನಾವು ದೇವನಹಳ್ಳಿ ಹಾದು ಜೀಪಿನಲ್ಲಿ ಹೋದೆವು. ಬಣ್ಣದ ಮನೆಯವರ ಪರವಾಗಿ ಆಂಜಿನಪ್ಪ ಎಂಬಾತ ಎದುರುಗೊಂಡ. ಮೊಳಕೈವರೆಗೂ ನೇರಳೆ ಬಣ್ಣ ಹತ್ತಿದ ಕೈ, ಮೆತ್ತಗಿನ ಮಾತು. ನಮಗೆಲ್ಲ ಮಜ್ಜಿಗೆ ಕೊಡಿಸಿದ. "ನೋಡ್ರಮ್ಮ, ನಮ್ಮಪ್ಪನ ಕಾಲದಿಂದ ಇದೇ ಕಾಲುವೆ, ಇದೇ ನೀರು. ನಮ್ಮ ಹಸಾನೂ ಇಲ್ಲೇ ಕುಡೀತದೆ. ನೀವು ಇಲ್ಲ ಅಂದ್ಬಿಟ್ರೆ ಹತ್ತಾರು ಮನೆ ಬೀದಿಗೆ ಬೀಳ್ತವೆ, ಅಷ್ಟು ಮನಸ್ಸಿನಾಗೆ ಇಟ್ಕಳಿ" ಎಂದ. ಅಪ್ಪನ ಕಾಲದಲ್ಲಿ ಬಳಸುತ್ತಿದ್ದ ಬಣ್ಣ ಬೇರೆ, ಈಗ ಡಬ್ಬಿಯಲ್ಲಿ ಬರುವ ಬಣ್ಣ ಬೇರೆ ಎಂಬುದು ಅವನಿಗೂ ಗೊತ್ತಿತ್ತು. ಹಸು ಅಲ್ಲೇ ನೀರು ಕುಡಿಯುತ್ತಿತ್ತು. ಅದನ್ನು ನೋಡಿದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಮುನಿರಾಜು ಮತ್ತು ಊರಿನ ಕೆಲವರು ಉದ್ದನೆಯ ಎಳೆಬಲೆ ಹಾಕಿ ಕೆರೆಯ ಒಂದು ಮೂಲೆಯನ್ನೆಲ್ಲ ಬಳಸಿ ಎಳೆದರು. ಎಳೆಯುವುದಕ್ಕೇ ತುಂಬ ಹೊತ್ತು ಹಿಡಿಯಿತು. ಸಿಕ್ಕಿದ ರೋಹುಗಳಿಂದ ರಕ್ತ ತೆಗೆದೆ. ಹೋಲಿಕೆಗಾಗಿ ನಮ್ಮ ಕೇಂದ್ರದ ಕೊಳದಲ್ಲೂ ಅದೇ ಬಲೆ ಎಳೆದು, ಅಷ್ಟೇ ಹೊತ್ತಿಗೆ ರಕ್ತ ತೆಗೆದೆ.

ಬೆಂಗಳೂರಿನ ಯಂತ್ರ ಹೇಳಿದ್ದು ಇದು: ನಮ್ಮ ಶುದ್ಧ ನೀರಿನ ಮೀನುಗಳಲ್ಲಿ ಗಾಬರಿಯ ಹಾರ್ಮೋನು ಬಹಳ, ಬಣ್ಣದ ಕೆರೆಯ ಮೀನುಗಳಲ್ಲಿ ಕಡಿಮೆ.

ಸುಬ್ಬರಾಯರು ಮೇಜು ಕುಟ್ಟಿ ನಕ್ಕರು. "ನೋಡಿದ್ಯಾ! ನಮ್ಮ ಮೀನಿಗಿಂತ ಅವೇ ನೆಮ್ಮದಿಯಾಗಿವೆ. ಬಣ್ಣದ ನೀರಿಂದ ತೊಂದರೆ ಇಲ್ಲ ಅಂತ ಬರೆದುಬಿಡೋಣ." ವರದಿ ಟೈಪಾಯಿತು. ಸುದ್ದಿ ಹೇಗೋ ದೊಡ್ಡಬಳ್ಳಾಪುರಕ್ಕೂ ಮುಟ್ಟಿತು. ಆಂಜಿನಪ್ಪ ಬಸ್ಸು ಹತ್ತಿ ನಮ್ಮ ಕೇಂದ್ರಕ್ಕೇ ಬಂದು ಎಲ್ಲರಿಗೂ ಕೈಮುಗಿದು, ಬಾಳೆಹಣ್ಣಿನ ಚಿಪ್ಪು ಇಟ್ಟು ಹೋದ. ತಹಸೀಲ್ದಾರರ ಸಭೆ ಮುಂದಿನ ವಾರಕ್ಕೆ ನಿಗದಿಯಾಯಿತು.

ನಾನು ಮಾತ್ರ ಊಟ ಬಿಟ್ಟವಳಂತಾದೆ. ಆ ಮೀನುಗಳನ್ನು ಕೈಯಲ್ಲಿ ಹಿಡಿದಿದ್ದವಳು ನಾನು. ನಮ್ಮ ಕೊಳದ ರೋಹುವನ್ನು ಹಿಡಿದರೆ ಅಂಗೈ ಕಿತ್ತುಹೋಗುವಂತೆ ಒದೆಯುತ್ತದೆ. ಒದ್ದೆ ಬಟ್ಟೆ ಸುತ್ತಿ ಅದುಮಿ ಹಿಡಿಯಬೇಕು. ಬಣ್ಣದ ಕೆರೆಯ ರೋಹುಗಳು ಅಂಗೈ ಮೇಲೆ ಸುಮ್ಮನೆ ಮಲಗಿದ್ದವು. ಸೂಜಿ ಹೋದಾಗಲೂ ಬಾಲ ಅಲ್ಲಾಡಿಸಲಿಲ್ಲ. ಅದನ್ನು ನೆಮ್ಮದಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಯಾರೂ ಬೆನ್ನಟ್ಟದಿದ್ದಾಗ ನಮ್ಮ ಮೀನಿನ ರಕ್ತದಲ್ಲಿ ಈ ಹಾರ್ಮೋನು ಎಷ್ಟಿರುತ್ತದೆ? ಅದನ್ನು ನಾವು ನೋಡಿಯೇ ಇರಲಿಲ್ಲ. ಒಂದು ಬೆಳಿಗ್ಗೆ ಮುನಿರಾಜುವಿಗೆ ಬೀಸುಬಲೆ ತೆಗೆದುಕೊಂಡು ಬಾ ಎಂದೆ. "ಸಾಹೇಬ್ರು ಹೇಳವ್ರಾ ಮೇಡಂ?" ಎಂದ. ಇಲ್ಲ ಎಂದೆ. ಅವನು ಒಮ್ಮೆ ಆಫೀಸಿನ ಕಿಟಕಿ ಕಡೆ ನೋಡಿ, "ಬಯ್ಸ್ಕೊಂಡ್ರೆ ಇಬ್ರೂ ಬಯ್ಸ್ಕೊಳಾಣ" ಎಂದು ಬಲೆ ಎತ್ತಿಕೊಂಡ. ಸದ್ದಿಲ್ಲದೆ ಬಲೆ ಬೀಸಿದ. ಮೀನು ದಡಕ್ಕೆ ಬಂದ ಕೂಡಲೇ ನಾನು ರಕ್ತ ತೆಗೆದೆ. ಕೊಳದ ಬೇರೆ ಬೇರೆ ಕಡೆ ಹೀಗೆ ಮಾಡಿ ಬೆಂಗಳೂರಿನ ಬಸ್ಸು ಹತ್ತಿದೆ.

ಯಂತ್ರದ ಮುಂದೆ ಕೂತು ಮೊದಲ ತಿಳಿಯನ್ನು ಇಟ್ಟೆ. ಮುಳ್ಳು ಏಳಲೇ ಇಲ್ಲ. ಮತ್ತೊಂದು ಇಟ್ಟೆ, ಮತ್ತೊಂದು. ಎಲ್ಲವೂ ಕೆಳಗೇ. ನಮ್ಮದೇ ಕೊಳ, ನಮ್ಮದೇ ರೋಹು. ಎಳೆಬಲೆಯಲ್ಲಿ ಅಟ್ಟಿಸಿಕೊಂಡಾಗ ಅಷ್ಟೆತ್ತರ ಹೋಗಿದ್ದದ್ದು, ತಟ್ಟನೆ ಹಿಡಿದರೆ ಬಹಳ ಕಡಿಮೆ.

ಅಂದರೆ ನಾವು ಅಳೆದದ್ದು ಕೆರೆಯನ್ನಲ್ಲ, ಬಲೆಯನ್ನು. ಅಷ್ಟು ಹೊತ್ತು ಅಟ್ಟಿದರೆ ಆರೋಗ್ಯವಾಗಿರುವ ಮೀನು ಹೆದರಲೇಬೇಕು. ನಮ್ಮವು ಹೆದರಿದ್ದವು. ಬಣ್ಣದ ಕೆರೆಯವನ್ನೂ ಅಷ್ಟೇ ಅಟ್ಟಿದ್ದೆವು. ಅವು ಹೆದರಿರಲಿಲ್ಲ. ಹೆದರಲು ಅವುಗಳಲ್ಲಿ ಏನೂ ಉಳಿದಿರಲಿಲ್ಲವೇ?

ಪ್ರಯೋಗಾಲಯದ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೇಳಿದರೆ ಆಂಜಿನಪ್ಪನಂಥವರ ಒಲೆ ಆರಬಹುದು. ಹೇಳದಿದ್ದರೆ ಆ ಕೆರೆಯ ನೀರನ್ನು ಕೇಂದ್ರದ ಮೊಹರಿನೊಂದಿಗೆ ಒಳ್ಳೆಯದೆಂದು ಒಪ್ಪಿಸಿದಂತಾಗುತ್ತದೆ. ನಡುವೆ ಸುಬ್ಬರಾಯರು. ವರದಿ ಅವರ ಹೆಸರಿನಲ್ಲಿತ್ತು. ನನ್ನ ಕೆಲಸ ಮುಂದುವರಿಸುವ ಪತ್ರಕ್ಕೂ ಅವರೇ ಸಹಿ ಹಾಕಬೇಕಿತ್ತು. ಹೊಸಕೋಟೆಯವರೆಗೂ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿದೆ. ಇಳಿಯುವಾಗ ಒಂದೂ ನೆನಪಿರಲಿಲ್ಲ.

ಅವರು ಕೊಳದ ಬದುವಿನ ಮೇಲೆ ನಿಂತಿದ್ದರು. ಹೇಗೋ ಹೇಳಿದೆ.

"ಯಾರನ್ನ ಕೇಳಿ ಮೀನು ಹಿಡಿದೆ?"

"ಯಾರನ್ನೂ ಕೇಳಲಿಲ್ಲ ಸಾರ್."

"ನಾಡಿದ್ದು ಸಭೆ! ಈಗ ಬಂದು ವರದಿ ತಲೆಕೆಳಗು ಅಂತೀಯಲ್ಲಮ್ಮ? ಜನ ನನ್ನ ಮುಖಕ್ಕೆ ಉಗಿಯಲ್ವಾ?"

"ಉಗೀತಾರೋ ಏನೋ ಸಾರ್. ಆದರೆ ಆ ಮೀನು ನನ್ನ ಕೈಲಿ ಒದೀಲಿಲ್ಲ."

ಅವರು ಬೈಯುತ್ತಲೇ ಇದ್ದರು. ನಾನು ನೆಲ ನೋಡುತ್ತ ನಿಂತಿದ್ದೆ. ಕಣ್ಣಲ್ಲಿ ನೀರು ಬಂದರೆ ಮಾತು ಮುಗಿದಂತೆ ಎಂದು ಹಲ್ಲು ಕಚ್ಚಿದ್ದೆ. ಇದ್ದಕ್ಕಿದ್ದಂತೆ ಬೈಗುಳ ನಿಂತಿತು. ಅವರು ನೀರನ್ನೇ ನೋಡುತ್ತಿದ್ದರು.

"ತಟ್ಟನೆ ಹಿಡಿದಾಗ ಎಲ್ಲವೂ ಕಡಿಮೆಯೇ ಇತ್ತಾ? ಒಂದೂ ಮೇಲೆ ಹೋಗಲಿಲ್ವಾ?"

"ಒಂದೂ ಇಲ್ಲ ಸಾರ್."

"ಥತ್" ಎಂದರು. ಟೋಪಿ ತೆಗೆದು ತಲೆ ಒರೆಸಿಕೊಂಡರು. "ಸಭೆ ಮುಂದಕ್ಕೆ ಹಾಕಿಸ್ತೀನಿ. ಆದರೆ ನೀನು ಹೇಳ್ತಿರೋದು ಇನ್ನೂ ಊಹೆ. ಅಲ್ಲಿಯ ಮೀನನ್ನೂ ಎರಡು ಥರ ಹಿಡಿದು ನೋಡಬೇಕು. ತಪ್ಪಾಯ್ತೋ, ಮುಂದಿನ ವರ್ಷ ನಿನ್ನ ಹೆಸರು ನಾನು ಬರೆಯೋದಿಲ್ಲ."

ಮತ್ತೆ ದೊಡ್ಡಬಳ್ಳಾಪುರಕ್ಕೆ ಹೋದೆವು. ಈ ಸಲ ಆಂಜಿನಪ್ಪ ಮಜ್ಜಿಗೆ ತಂದನಾದರೂ ಮುಖ ಸಣ್ಣದಾಗಿತ್ತು. ಕೆಲವು ರೋಹುಗಳನ್ನು ಬೀಸುಬಲೆಯಲ್ಲಿ ತಟ್ಟನೆ ಹಿಡಿದು ರಕ್ತ ತೆಗೆದೆ. ಉಳಿದವನ್ನು ಹಾಪಾದಲ್ಲಿ ಬಿಟ್ಟು, ಮುನಿರಾಜು ಕೋಲಿನಿಂದ ನೀರು ಬಡಿದು, ಬಟ್ಟೆ ಎತ್ತಿ ಇಳಿಸಿ, ಕಾಡಿಸಬಹುದಾದಷ್ಟು ಕಾಡಿಸಿದ. ನಮ್ಮ ಕೊಳದಲ್ಲೂ ಹಾಗೆಯೇ ಮಾಡಿದೆವು. ಬೆಂಗಳೂರಿಗೆ ಈ ಸಲ ಸುಬ್ಬರಾಯರೂ ಬಂದು ಯಂತ್ರದ ಪಕ್ಕ ನಿಂತರು. ಕಾಡಿಸಿದ ನಮ್ಮ ಮೀನುಗಳ ರಕ್ತಕ್ಕೆ ಯಂತ್ರದ ಮುಳ್ಳು ಕೆಳಗಿನಿಂದ ಮೇಲಕ್ಕೆ ಜಿಗಿಯಿತು. ಬಣ್ಣದ ಕೆರೆಯವು ಕಾಡಿಸುವ ಮೊದಲೂ ಅಷ್ಟೇ, ಕಾಡಿಸಿದ ಮೇಲೂ ಹೆಚ್ಚುಕಮ್ಮಿ ಅಷ್ಟೇ.

ಸುಬ್ಬರಾಯರು ಹಳೆಯ ವರದಿಯನ್ನು ಚೀಲದಿಂದ ತೆಗೆದು ಉದ್ದಕ್ಕೆ ಹರಿದರು.

ಸಭೆ ಕೆರೆಯ ಏರಿಯ ಮೇಲೆ ಅರಳಿಮರದ ಕಟ್ಟೆಯಲ್ಲೇ ನಡೆಯಿತು. ಒಂದು ಕಡೆ ಮೀನಿನವರು, ಇನ್ನೊಂದು ಕಡೆ ಬಣ್ಣದವರು, ನಡುವೆ ಕುರ್ಚಿಯಲ್ಲಿ ತಹಸೀಲ್ದಾರರು. ಸುಬ್ಬರಾಯರು ಎದ್ದು, ಮೊದಲು ನಾವು ತಪ್ಪಾಗಿ ಓದಿದ್ದೆವು ಎಂದು ಎಲ್ಲರ ಮುಂದೆ ಹೇಳಿದರು. ಆ ಗಂಟಲಿಗೆ ಅದು ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ಬಣ್ಣದವರ ಕಡೆಯಿಂದ ಗದ್ದಲವೆದ್ದಿತು. ಯಾರೋ ನಮಗೆ ಮೀನಿನವರು ಲಂಚ ಕೊಟ್ಟಿದ್ದಾರೆ ಎಂದು ಕೂಗಿದರು. ಆಂಜಿನಪ್ಪ ಮಾತ್ರ ನನ್ನ ಕಡೆಗೇ ತಿರುಗಿದ.

"ಹೆದರಲ್ಲ ಅಂದ್ರೆ ಒಳ್ಳೇದೇ ಅಲ್ವೇನ್ರಮ್ಮ? ಧೈರ್ಯವಾಗವೆ ಅಂತ ತಾನೆ?"

ಸುಬ್ಬರಾಯರು ನನಗೆ ಹೇಳು ಎಂಬಂತೆ ಕೈ ಮಾಡಿದರು. ನಾನು ಎದ್ದು ನಿಂತೆ.

"ಆಂಜಿನಪ್ಪನವರೇ, ಕುದಿಯೋ ಕೊಪ್ಪರಿಗೆಗೆ ಕೈ ತಗುಲಿದರೆ ಏನ್ಮಾಡ್ತೀರಾ?"

"ಎಳ್ಕೊಂತೀನಿ."

"ಎಳ್ಕೊಳ್ಳದೇ ಹೋದರೆ?"

ಅವನು ತನ್ನ ನೇರಳೆ ಕೈಯನ್ನು ನೋಡಿಕೊಂಡ. "ಕೈ ಸತ್ತೋಗಿದೆ ಅಂತ" ಎಂದ ಮೆಲ್ಲಗೆ.

"ಹಾಗೆ ಈ ಮೀನು. ದಿನಾ ದಿನಾ ಹೆದರಿ ಹೆದರಿ ಹೆದರೋ ಶಕ್ತೀನೇ ಹೋಗಿದೆ. ನಾಳೆ ಕೊಕ್ಕರೆ ಬಂದ್ರೂ ಓಡಲ್ಲ, ನೀರಲ್ಲಿ ಗಾಳಿ ಕಮ್ಮಿಯಾದ್ರೂ ತಡ್ಕೊಳ್ಳಲ್ಲ. ಅದಕ್ಕೇ ಒಂದೊಂದಾಗಿ ತೇಲ್ತಿವೆ."

ತಹಸೀಲ್ದಾರರು ಪೆನ್ನು ಹಿಡಿದು ಯೋಚಿಸಿದರು. "ಅಲ್ರೀ, ಮೀನು ಹೆದರುತ್ತಿಲ್ಲ ಅಂತ ಜಿಲ್ಲಾ ಕಚೇರಿಗೆ ಹೇಗೆ ಬರೀಲಿ? ನನ್ನ ತಲೆ ಕೆಟ್ಟಿದೆ ಅಂತಾರೆ" ಎಂದರು. ಜನ ನಕ್ಕರು. ಆ ನಗುವಿನಲ್ಲಿ ಜಗಳದ ಬಿಸಿ ಸ್ವಲ್ಪ ಇಳಿಯಿತು. ಸುಬ್ಬರಾಯರು ಆ ಸಂದು ನೋಡಿ, ಬಣ್ಣದ ಮನೆ ಮುಚ್ಚುವುದು ಬೇಡ, ಕಾಲುವೆಯನ್ನು ಕೆರೆಯಿಂದ ತಿರುಗಿಸಿ ಮರಳು ಸುಣ್ಣ ಹಾಕಿದ ಗುಂಡಿಗಳಿಗೆ ಬಿಡಿ ಎಂದರು. ಒಪ್ಪಿದವರು ಕಡಿಮೆ. ಎದ್ದುಹೋದವರೇ ಹೆಚ್ಚು. ಆ ದಿನ ನಾನು ಗೆದ್ದೆನೆಂದು ನನಗನ್ನಿಸಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ, ಇಷ್ಟೂ ಮನೆಗಳ ಶಾಪ ನನ್ನ ಮೇಲಿದೆ ಎಂದೇ ಕೂತಿದ್ದೆ.

ಮೊದಲ ಗುಂಡಿ ತೋಡಿದವನು ಆಂಜಿನಪ್ಪ. ಯಾರ ಆದೇಶವೂ ಬಂದಿರಲಿಲ್ಲ. ಹಸುವನ್ನು ಕೆರೆಯ ಕಡೆ ಬಿಡುವುದನ್ನೂ ನಿಲ್ಲಿಸಿದನೆಂದು ಮುನಿರಾಜು ತಿಳಿದುಕೊಂಡು ಬಂದ. ಉಳಿದವರು ಗೊಣಗುತ್ತ, ಒಬ್ಬರನ್ನೊಬ್ಬರು ನೋಡುತ್ತ ನಿಧಾನವಾಗಿ ತೋಡಿದರು. ಒಂದಿಬ್ಬರು ಕೊನೆಯವರೆಗೂ ತೋಡಲಿಲ್ಲ. ನನ್ನ ಕೆಲಸ ಮುಂದುವರಿಸುವ ಪತ್ರ ಬರುವುದು ತಡವಾಯಿತು. ಆ ತಿಂಗಳುಗಳಲ್ಲಿ ಸುಬ್ಬರಾಯರು ಕೆಲಸದ ಮಾತಲ್ಲದೆ ಬೇರೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಪತ್ರ ನನ್ನ ಮೇಜಿನ ಮೇಲಿತ್ತು. ನಾನು ಎತ್ತಿಕೊಂಡೆ, ಅವರು ಓದುತ್ತಿದ್ದ ಪತ್ರಿಕೆಯ ಹಾಳೆ ತಿರುಗಿಸಿದರು. ಅವತ್ತಿನಿಂದ ಯಾವ ಮೀನಿನ ರಕ್ತ ತೆಗೆದರೂ ಮೊದಲು ತಟ್ಟನೆ ಹಿಡಿದದ್ದು, ಆಮೇಲೆ ಕಾಡಿಸಿದ್ದು ಎಂಬ ಕ್ರಮ ನಮ್ಮ ಕೇಂದ್ರದಲ್ಲಿ ಶಾಶ್ವತವಾಯಿತು.

ಮುಂದಿನ ಮಳೆಗಾಲ ಚೆನ್ನಾಗಿ ಆಯಿತು. ಕೆರೆ ತುಂಬಿ ಕೋಡಿ ಹರಿದು, ನೀರು ತಿಳಿಯಾದ ಮೇಲೆ ನಾವು ಮೂವರೂ ಮತ್ತೆ ಹೋದೆವು. ಅಲ್ಲಿದ್ದವು ಹಳೆಯ ಮೀನುಗಳೋ, ಮೇಲಿನ ಕೆರೆಯಿಂದ ಇಳಿದು ಬಂದವೋ, ಖಚಿತವಾಗಿ ಹೇಳಲಾರೆ. ಆಂಜಿನಪ್ಪ ಪಂಚೆ ಎತ್ತಿಕಟ್ಟಿ ತಾನೂ ಬಲೆಯ ಒಂದು ತುದಿ ಹಿಡಿದ. ಎಳೆಬಲೆ ಅರ್ಧಚಂದ್ರವಾಗಿ ದಡದತ್ತ ಬಂತು. ನಾನು ಸಿರಿಂಜು ಹಿಡಿದು ಮೊಳಕಾಲು ನೀರಿನಲ್ಲಿ ನಿಂತಿದ್ದೆ. ಬಲೆ ಇನ್ನೂ ದೂರವಿರುವಾಗ ನೀರು ಒಂದೇ ಸಲ ಕುದಿದಂತಾಯಿತು. ರೋಹುಗಳು ಎದ್ದವು. ಒಂದು, ಅದರ ಹಿಂದೆ ಹಿಂಡು ಹಿಂಡಾಗಿ, ಬಲೆಯ ಬೆಂಡುಗಳನ್ನು ದಾಟಿ ಆಚೆಗೆ ಹಾರತೊಡಗಿದವು. ಒಂದು ದಪ್ಪ ಮೀನು ಆಂಜಿನಪ್ಪನ ಎದೆಗೇ ಬಡಿದು ಅವನನ್ನು ನೀರಿಗೆ ಕೆಡವಿತು.

"ಅಯ್ಯೋ, ಎಲ್ಲಾ ತಪ್ಪಿಸ್ಕೊಂಡ್ ಹೋಯ್ತಾ ಅವಲ್ರಮ್ಮ!" ಎಂದು ಅವನು ಬಾಯಿ ತುಂಬಾ ನೀರು ಉಗುಳುತ್ತ ಕೂಗಿದ. "ಏನ್ ಹಿಂಗ್ ಹೆದರ್ಕೊಂಡವೆ! ಮತ್ತೆ ನಮ್ದೇ ತಪ್ಪಾ?"

ಸುಬ್ಬರಾಯರು ದಡದಲ್ಲಿ ಟೋಪಿ ಬೀಸುತ್ತ, "ಹೋಗ್ಲಿ ಬಿಡ್ರೋ, ಹೋಗ್ಲಿ ಬಿಡ್ರೋ" ಎಂದು ಹುಡುಗನ ಹಾಗೆ ಕುಣಿಯುತ್ತಿದ್ದರು. ಖಾಲಿ ಸಿರಿಂಜು ಹಿಡಿದು ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ.

"ಇಲ್ಲ ಆಂಜಿನಪ್ಪನವರೇ, ಅವು ಹಾಗೇ ಹೆದರಬೇಕು" ಎಂದು ಹೇಳಿ, ಅವನನ್ನು ಎಬ್ಬಿಸಲು ಕೈ ಚಾಚಿದೆ.